ದಿವಾರ್ ದ್ವೀಪದ ಲೇಖನದಲ್ಲಿ ಗದ್ದೆಗಳೇ ಕಾಣಲಿಲ್ಲ

ಗೋವೆಯ ಮಾಂಡವಿ ನದಿಯ ನಡುವಿನ ದಿವಾರ್ ದ್ವೀಪದ ಪಿಯದಾದ್ ಗ್ರಾಮವನ್ನು ಪರಿಚಯಿಸುವ ಲೇಖನವೊಂದನ್ನು ಓದಿದೆ. ಅದು ಇಗರ್ಜಿ (ಚರ್ಚ್), ಹಳೆಯ ಮನೆಗಳು ಮತ್ತು ಆಗಸ್ಟ್ ತಿಂಗಳ ಬೊಂದೆರಾಂ ಹಬ್ಬದಲ್ಲೇ ನಿಂತುಬಿಟ್ಟಿದೆ. ಕುಮಟಾದಿಂದ ಬಂದು ಪಣಜಿಯಲ್ಲಿ ನೆಲೆಸಿರುವ ನನಗೆ, ಫೆರಿಯಿಂದ ಇಳಿದೊಡನೆ ಎದುರಾಗುವ, ಹೊಳೆಯ ಉಪ್ಪುನೀರನ್ನು ಒಡ್ಡುಕಟ್ಟಿ ತಡೆದು ಮಾಡಿದ ಖಾಜನ್ ಗದ್ದೆಗಳೇ ಆ ಊರಿನ ನಿಜವಾದ ಚರಿತ್ರೆಯಾಗಿ ಕಾಣುತ್ತವೆ. ಭರತದಲ್ಲಿ ಉಪ್ಪುನೀರಿನ ಒತ್ತಡಕ್ಕೆ ತಾನಾಗಿ ಮುಚ್ಚಿಕೊಂಡು, ಇಳಿತದಲ್ಲಿ ಒಳಗಿನ ನೀರನ್ನು ಹೊರಬಿಡಲು ತೆರೆದುಕೊಳ್ಳುವ ಮರದ ಬಾಗಿಲುಗಳೂ, ಉಪ್ಪನ್ನು ತಾಳಿಕೊಳ್ಳುವ ಕೊರ್ಗುಟ್ ಭತ್ತವೂ ನಮ್ಮ ಕುಮಟಾ ಕಡೆಯ ಅಘನಾಶಿನಿ ಹೊಳೆಯ ಗಜನಿ ಗದ್ದೆ ಹಾಗೂ ಕಗ್ಗ ಭತ್ತದ ಒಡಹುಟ್ಟುಗಳೇ ಸರಿ. (ಕಗ್ಗದ ಗಂಜಿ ಉಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.)

ಇನ್ನೊಂದು ಲೋಪವೂ ಇದೆ. ಗೋವೆಯ ಕದಂಬರ ಕುಲದೈವವಾದ ಸಪ್ತಕೋಟೇಶ್ವರನ ಗುಡಿ ಮೊದಲು ಇದೇ ದ್ವೀಪದಲ್ಲಿತ್ತು. ಪೋರ್ಚುಗೀಸರು ಅದನ್ನು 16ನೆಯ ಶತಮಾನದಲ್ಲಿ ಕೆಡವಿದ ಬಳಿಕ ಲಿಂಗವನ್ನು ಹೊಳೆಯಾಚೆಯ ಡಿಚೋಲಿ ಸೀಮೆಯ ನಾರ್ವೆಗೆ ಸಾಗಿಸಲಾಯಿತು, ಅಲ್ಲಿನ ಗುಡಿಯನ್ನು 1668ರಲ್ಲಿ ಶಿವಾಜಿ ಮಹಾರಾಜರು ಜೀರ್ಣೋದ್ಧಾರ ಮಾಡಿಸಿದರು. ಕನ್ನಡದಲ್ಲಿಯೂ ಶಾಸನ ಬರೆಸಿದ ಕದಂಬರ ಹೆಸರು ಕನ್ನಡ ಓದುಗರಿಗಾಗಿ ಬರೆದ ಲೇಖನದಲ್ಲಿ ಒಮ್ಮೆಯಾದರೂ ಬರಬೇಕಿತ್ತು. ಲೇಖನವು ಇದನ್ನು ಸೇತುವೆಯಿಲ್ಲದ ಊರೆಂದು ಮರುಗಿರುವುದೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆ ಗದ್ದೆಗಳ ನಡುವೆ ಇನ್ನೂ ನಿವೇಶನಗಳು ತುಂಬಿಕೊಳ್ಳದಿರುವುದಕ್ಕೆ ಫೆರಿಯೂ ಒಂದು ಕಾರಣವಿರಬಹುದು.