ಟವಲ್ಲಿನ ಹಂಸ

ಹಂಸದ ಕುತ್ತಿಗೆ ಬಿಚ್ಚಿದವಳು ನನ್ನ ಹೆಂಡತಿ. ಹೊಟ್ಟೆಯೊಳಗೆ ಅಂಗೈಯಗಲದ ಅರಿಶಿನದ ಕಲೆ ಇತ್ತು.

ಕೊಲ್ಲೂರಿಗೆ ಹೋದವರು ಕರಾವಳಿಯ ಒಂದು ಊರಿನಲ್ಲಿ ಎರಡು ರಾತ್ರಿ ತಂಗಿದ್ದೆವು. ಊರಿನ ಹೆಸರು ಬೇಡ, ಲಾಡ್ಜಿನ ಹೆಸರಂತೂ ಬೇಡವೇ ಬೇಡ. ಮುಂದಿನ ಸಲವೂ ಅಲ್ಲೇ ಇಳಿಯಬೇಕಾಗಿ ಬರಬಹುದು. ಶ್ರಾವಣದ ಮಳೆ ಹೊರಗೆ ಸುರಿಯುತ್ತಿತ್ತು. ಒಳಗೆ ಬಚ್ಚಲಿನ ನಲ್ಲಿಯೂ ಅದಕ್ಕೆ ಸಮನಾಗಿ ಸುರಿಯುತ್ತಿತ್ತು. ಫ್ಲಶ್ ಒತ್ತಿದರೆ ನಿಟ್ಟುಸಿರು ಬಿಡುತ್ತಿತ್ತೇ ಹೊರತು ನೀರು ಬಿಡುತ್ತಿರಲಿಲ್ಲ. ಆದರೆ ಮಂಚದ ಮೇಲೆ ನೋಡಿ! ಬಿಳಿ ಟವಲ್ಲಿನಲ್ಲಿ ಮಾಡಿದ ಎರಡು ಹಂಸ. ಕೊಕ್ಕಿಗೆ ಕೊಕ್ಕು ತಾಗಿಸಿ, ನಡುವೆ ಹೃದಯದ ಆಕಾರ ಬರುವ ಹಾಗೆ ಕೂರಿಸಿದ್ದರು. ಸುತ್ತ ಗುಲಾಬಿ ಎಸಳು. ಮದುವೆಯಾಗಿ ಮೂವತ್ತೊಂದು ವರ್ಷವಾದ ನಾವಿಬ್ಬರೂ ಒದ್ದೆ ಛತ್ರಿ ಹಿಡಿದುಕೊಂಡು ಅದನ್ನೇ ನೋಡುತ್ತಾ ನಿಂತೆವು.

ಅವಳ ಹಂಸದಲ್ಲಿ ಅರಿಶಿನ. ನನ್ನದು ಶುಭ್ರವಾಗಿತ್ತು, ಆದರೆ ಹಸಿ ಹಸಿ. ಮಳೆಯಲ್ಲಿ ನೆನೆದು ಬಂದವನು ಒರೆಸಿಕೊಳ್ಳಲು ಹೋದರೆ ಟವಲ್ಲೇ ನನ್ನ ಮೈಗೆ ಒರೆಸಿಕೊಂಡಂತಾಯಿತು.

ಕೆಳಗೆ ಫೋನ್ ಮಾಡಿದೆ. ಮ್ಯಾನೇಜರ್ ಬೇಸರ ಮಾಡಿಕೊಳ್ಳಲಿಲ್ಲ. ಬಹಳ ಸಮಾಧಾನದಿಂದ, ತಿಳಿಯದವನಿಗೆ ತಿಳಿಹೇಳುವ ಹಾಗೆ ಹೇಳಿದರು: "ಅದು ಕೊಳೆ ಅಲ್ಲ ಮಾರಾಯ್ರೆ, ಅರಿಶಿನ."

ಇದಕ್ಕೆ ಏನು ಉತ್ತರ ಕೊಡುವುದು? ಅರಿಶಿನ ಕೊಳೆ ಅಂತ ಯಾವ ಬಾಯಲ್ಲಿ ಹೇಳಲಿ, ಅದೂ ದೇವಸ್ಥಾನದಿಂದ ಬಂದು!

ಹೆಂಡತಿ ಮಾತ್ರ ಕಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಪೊಲೀಸರು ಹೆಬ್ಬೆಟ್ಟಿನ ಗುರುತು ನೋಡುವ ಹಾಗೆ ನೋಡಿದಳು. "ಇದಕ್ಕೆ ಸೋಪೂ ಬಿದ್ದಿಲ್ಲ, ಬಿಸಿಲೂ ಬಿದ್ದಿಲ್ಲ," ಅಂದಳು. ಅವಳ ಲೆಕ್ಕ ಸರಿಯೇ. ಅರಿಶಿನಕ್ಕೆ ಸೋಪು ತಾಗಿದರೆ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿಗೆ ಕೆಂಪು ನೀರು ಮಾಡುವುದು ಇದೇ ಗುಣದಿಂದ ತಾನೇ. ಇನ್ನು ಬಿಸಿಲಿಗೆ ಹರವಿದರೆ ಎರಡು ಮೂರು ದಿನದಲ್ಲಿ ಕಲೆ ತಾನಾಗಿ ಮಾಸುತ್ತದೆ. ಇದು ಕೆಂಪಾಗಿರಲಿಲ್ಲ, ಮಾಸಿಯೂ ಇರಲಿಲ್ಲ. ಅಂದರೆ ಯಾರೋ ಪುಣ್ಯಾತ್ಗಿತ್ತಿ ಮುಖ ಒರೆಸಿಕೊಂಡು ಹೋದಳು, ಟವಲ್ ನೇರವಾಗಿ ಹಂಸದ ಜನ್ಮ ಎತ್ತಿತು. ನಡುವೆ ಏನೂ ನಡೆದಿಲ್ಲ.

ಈ ಬಿಳಿ ಬಣ್ಣದ ಹುಚ್ಚು ಯಾಕೋ. 1999ರಲ್ಲಿ ಅಮೆರಿಕದ ವೆಸ್ಟಿನ್ ಹೋಟೆಲಿನವರು ಅಪ್ಪಟ ಬಿಳಿ ಹಾಸಿಗೆಗೆ 'ಹೆವೆನ್ಲಿ ಬೆಡ್' ಅಂತ ಹೆಸರಿಟ್ಟು ತಂದರು. ಸ್ವರ್ಗದ ಹಾಸಿಗೆ. ಬಿಳಿಯಲ್ಲಿ ಕೊಳೆ ಅಡಗುವುದಿಲ್ಲ, ಎಲ್ಲವನ್ನೂ ಒಟ್ಟಿಗೆ ಬ್ಲೀಚಿಗೆ ಹಾಕಬಹುದು, ಅತಿಥಿಗೂ ನಂಬಿಕೆ. ಒಳ್ಳೆಯ ಉಪಾಯವೇ. ಆದರೆ ಅವರ ಅತಿಥಿಗಳು ತಲೆಗೆ ಕೊಬ್ಬರಿ ಎಣ್ಣೆ, ಕೆನ್ನೆಗೆ ಅರಿಶಿನ, ಹಣೆಗೆ ಕುಂಕುಮ ಹಚ್ಚಿಕೊಂಡು, ಬಾಯಿತುಂಬ ಎಲೆ ಅಡಿಕೆ ಹಾಕಿಕೊಂಡು ಬರುವವರಲ್ಲ. ನಮ್ಮ ಹಳೇ ಲಾಡ್ಜುಗಳಲ್ಲಿ ದಪ್ಪ ದಪ್ಪ ಹೂವಿನ ಬೆಡ್‌ಶೀಟ್ ಹಾಸುತ್ತಿದ್ದರು. ಯಾವುದು ಹೂವು, ಯಾವುದು ಕಲೆ, ದೇವರಿಗೇ ಗೊತ್ತು. ನೆಮ್ಮದಿಯಾಗಿ ನಿದ್ದೆ ಬರುತ್ತಿತ್ತು.

ಹಾಗಾದರೆ ಲಾಡ್ಜಿನ ರೂಮಿನಿಂದ ನಮಗೆ ನಿಜಕ್ಕೂ ಬೇಕಿರುವುದು ಏನು? ಅದನ್ನು ಹೇಳಬೇಕು ಅಂತಲೇ ಬರೆಯಲು ಕೂತೆ. ನನಗೇನೂ ಜಾಸ್ತಿ ಬೇಡ. ಮಲಗಿದಲ್ಲಿಂದ ಕೈಗೆಟುಕುವ ಒಂದು ಸ್ವಿಚ್ ಸಾಕು. ಮಂಚದ ಪಕ್ಕ ಹನ್ನೆರಡು ಸ್ವಿಚ್ ಇರುತ್ತವೆ. ಒಂದು ಒತ್ತಿದರೆ ಬಾತ್‌ರೂಮಿನ ದೀಪ ಹೋಗುತ್ತದೆ, ಇನ್ನೊಂದಕ್ಕೆ ಫ್ಯಾನು, ಮತ್ತೊಂದಕ್ಕೆ ಏನೂ ಆಗುವುದಿಲ್ಲ. ಪಕ್ಕದ ರೂಮಿನವರು ಕತ್ತಲಲ್ಲಿ ಕೂತಿರಬಹುದು ಅಂತ ನನಗೆ ಅನುಮಾನ. ಕಣ್ಣಿಗೆ ಹೊಡೆಯುವ ಆ ಒಂದು ಟ್ಯೂಬ್‌ಲೈಟಿನ ಸ್ವಿಚ್ ಮಾತ್ರ ಬಾಗಿಲ ಹತ್ತಿರವೇ ಇರುತ್ತದೆ. ಆರಿಸಿ, ಕತ್ತಲಲ್ಲಿ ತಡಕಾಡಿಕೊಂಡು ಬಂದು, ಮಂಚದ ಮೂಲೆಗೆ ಕಾಲಿನ ಕಿರುಬೆರಳು ಬಡಿಸಿಕೊಂಡು ಮಲಗಬೇಕು. ಬಿಸಿನೀರು ಬೆಳಗ್ಗೆ ಆರರಿಂದ ಎಂಟು ಅಂತ ಬೋರ್ಡು. ಆರೂವರೆಗೆ ತಿರುಗಿಸಿದರೆ "ಇನ್ನೂ ಬಂದಿಲ್ವಾ ಸರ್, ಬಿಡ್ತಾ ಇರಿ, ಬರ್ತದೆ." ಎರಡು ಬಕೆಟ್ ತಣ್ಣೀರು ಹರಿದುಹೋದ ಮೇಲೆ ಉಗುರು ಬೆಚ್ಚಗಿನದು ಬರುತ್ತದೆ. ಡೀಲಕ್ಸ್ ರೂಮಿಗೂ ಆರ್ಡಿನರಿ ರೂಮಿಗೂ ಏನು ವ್ಯತ್ಯಾಸ ಅಂತ ಕೇಳಿದರೆ ಟಿವಿ ತೋರಿಸುತ್ತಾರೆ. ಮೇಲೆ ತೆರಿಗೆ ಬೇರೆ. ಸಾವಿರ ರೂಪಾಯಿಯೊಳಗಿನ ರೂಮಿಗೆ 2022ರ ಜುಲೈವರೆಗೆ ಜಿಎಸ್‌ಟಿ ಇರಲಿಲ್ಲ, ಈಗ ಅದಕ್ಕೂ ಉಂಟು. ಹಂಸಕ್ಕೆ ಬೇರೆ ದರ ಇಲ್ಲದ್ದೇ ದೊಡ್ಡ ಉಪಕಾರ.

ನಮ್ಮ ದೊಡ್ಡಪ್ಪ ಇದ್ದಿದ್ದರೆ ಇಷ್ಟೆಲ್ಲ ಗೊಣಗುತ್ತಿರಲಿಲ್ಲ. ಅವರು ಲಾಡ್ಜಿನಿಂದ ಏನನ್ನೂ ನಿರೀಕ್ಷಿಸುತ್ತಲೇ ಇರಲಿಲ್ಲ, ಗೋಡೆ ಮತ್ತು ಸೂರು ಬಿಟ್ಟು. ಎಪ್ಪತ್ತರ ದಶಕದಲ್ಲಿ ಸಹಕಾರ ಇಲಾಖೆಯಲ್ಲಿ ಆಡಿಟರ್ ಆಗಿದ್ದರು. ತಿಂಗಳಲ್ಲಿ ಹದಿನೈದು ದಿನ ಕ್ಯಾಂಪು. ಹೊರಡುವ ಹಿಂದಿನ ರಾತ್ರಿ ನಡುಮನೆಯಲ್ಲಿ ಹಸಿರು ಕ್ಯಾನ್ವಾಸಿನ ಹೋಲ್ಡಾಲ್ ಬಿಚ್ಚಿಕೊಳ್ಳುತ್ತಿತ್ತು. ಅದಕ್ಕೆ ಜಮಖಾನ, ಹೊದಿಕೆ, ಬೂರುಗದ ಹತ್ತಿಯ ದಿಂಬು, ಸೊಳ್ಳೆಪರದೆ, ಅದನ್ನು ಕಟ್ಟಲು ನಾಲ್ಕು ಮೊಳೆ, ಹಿತ್ತಾಳೆ ಚೊಂಬು, ಮೂರು ಸೆಲ್ಲಿನ ಬ್ಯಾಟರಿ, ಅಲಿಗಢದ ಬೀಗ. ಲಾಡ್ಜಿನವರ ಬೀಗಕ್ಕೆ ಎಷ್ಟು ಕೀಲಿಕೈ ಇವೆ ಅಂತ ಲಾಡ್ಜಿನವರಿಗೇ ಗೊತ್ತಿರುವುದಿಲ್ಲ ಅನ್ನುತ್ತಿದ್ದರು. ಎಲ್ಲ ತುಂಬಿ ಸುತ್ತಿ, ಚರ್ಮದ ಪಟ್ಟಿ ಎಳೆದು ಬಿಗಿಯಲು ನಾವು ಮಕ್ಕಳು ಅದರ ಮೇಲೆ ಕೂರಬೇಕಿತ್ತು. "ಹೋಟೆಲಿನಲ್ಲಿ ತಿನ್ನಬೇಕು, ಮನೇಲಿ ಮಲಗಬೇಕು. ಲಾಡ್ಜಿನಲ್ಲಿ ಬೆಳಗಾಗೋದನ್ನ ಕಾಯಬೇಕು," ಇದು ಅವರ ಮಾತು.

ರೂಮಿಗೆ ಹೋದ ತಕ್ಷಣ ಅವರು ಮಾಡುತ್ತಿದ್ದ ಮೊದಲ ಕೆಲಸ ತಿಗಣೆ ಪರೀಕ್ಷೆ. ದೀಪ ಆರಿಸಿ, ಕುರ್ಚಿಯಲ್ಲಿ ಕಾಲು ಗಂಟೆ ಅಲುಗಾಡದೆ ಕೂರುವುದು. ಆಮೇಲೆ ದಿಢೀರನೆ ದಿಂಬು ಎತ್ತಿ ಬ್ಯಾಟರಿ ಬಿಡುವುದು. ಹಣದ ಪೆಟ್ಟಿಗೆ ಪರಿಶೀಲನೆಗೂ ಇದೇ ಕ್ರಮವಂತೆ. ಮುಂಚೆ ತಿಳಿಸಬಾರದು.

ಒಂದು ಸಲ ಬಸ್‌ಸ್ಟ್ಯಾಂಡಿನ ಎದುರಿನ ಲಾಡ್ಜು. ಕೆಳಗೆ ಹೋಟೆಲು, ಮೇಲೆ ರೂಮು. ಪರೀಕ್ಷೆಯಲ್ಲಿ ದಿಂಬಿನಡಿ ಇಡೀ ಸಂಸಾರವೇ ಸಿಕ್ಕಿತು. ಬೇರೆ ರೂಮು ಖಾಲಿ ಇಲ್ಲ. ದೊಡ್ಡಪ್ಪ ಹಾಸಿಗೆಯನ್ನು ಸುತ್ತಿ ಹೊರಗಿಟ್ಟರು. ಮಂಚದ ಸಂದುಗಳಿಗೆ ಕುದಿಯುವ ನೀರು ಹೊಯ್ಯಿಸಿದರು. ಮಂಚವನ್ನು ಗೋಡೆಯಿಂದ ದೂರ, ಕೋಣೆಯ ನಟ್ಟನಡುವೆ ಎಳೆದರು. ಆಮೇಲೆ ಹುಡುಗನನ್ನು ಕರೆದು ಕೆಳಗಿನಿಂದ ನಾಲ್ಕು ಕಾಫಿ ತರಿಸಿದರು. ಒಬ್ಬರಿಗೆ ನಾಲ್ಕು ಕಾಫಿ ಯಾಕೆ ಅಂತ ಹುಡುಗ ಕೇಳಲಿಲ್ಲ. ಲೋಟಗಳನ್ನು ವಾಪಸ್ ಕಳಿಸಿ, ಬಟ್ಟಲುಗಳನ್ನು ಇಟ್ಟುಕೊಂಡರು. ನಾಲ್ಕು ಬಟ್ಟಲಿಗೆ ನೀರು ತುಂಬಿ, ಮಂಚದ ಒಂದೊಂದು ಕಾಲನ್ನು ಒಂದೊಂದರಲ್ಲಿ ಇಳಿಸಿದರು. ಕೋಟೆಯ ಸುತ್ತ ಕಂದಕ. ಜಮಖಾನ ಹಾಸಿ ಮಲಗಿದರು. ನಾಲ್ಕು ಕಾಫಿ ಕುಡಿದಿದ್ದರಿಂದ ಹೇಗೂ ನಿದ್ದೆ ಬರಲಿಲ್ಲ.

ರಾತ್ರಿ ಎರಡು ಗಂಟೆಗೆ ತಿಗಣೆಗಳು ಸೂರಿನಿಂದ ಒಂದೊಂದಾಗಿ ಧುಮುಕಿದವು ಅಂತ ದೊಡ್ಡಪ್ಪ ಹೇಳುತ್ತಿದ್ದರು. ಇದನ್ನು ನಾನು ಪೂರ್ತಿ ನಂಬಿಲ್ಲ. ಅವರು ಮಾತ್ರ ಸಾಯುವ ತನಕ ಆ ಮಾತು ಬಿಟ್ಟುಕೊಡಲಿಲ್ಲ.

ಬೆಳಗ್ಗೆ ಕೆಳಗೆ ದೊಡ್ಡ ಗಲಾಟೆ. ನಾಲ್ಕು ಬಟ್ಟಲು ಕಾಣೆ, ಹುಡುಗನ ಸಂಬಳದಲ್ಲಿ ಮುರಿಯುತ್ತೇನೆ ಅಂತ ಯಜಮಾನರು ಕೂಗಾಡುತ್ತಿದ್ದರು. ಹುಡುಗ ಅಳುತ್ತಾ ಮೇಲೆ ಓಡಿ ಬಂದ. ದೊಡ್ಡಪ್ಪ ನಾಲ್ಕೂ ಬಟ್ಟಲನ್ನು ತಾವೇ ಕೈಯಲ್ಲಿ ಹಿಡಿದು ಇಳಿದರು. ಗಲ್ಲಾದ ಮೇಲೆ ಸಾಲಾಗಿ ಇಟ್ಟರು. ಒಂದು ಮಾತೂ ಆಡದೆ ಲಾಡ್ಜಿನ ರಿಜಿಸ್ಟರ್ ಎಳೆದುಕೊಂಡರು. ಹೆಸರು, ತಂದೆಯ ಹೆಸರು, ಎಲ್ಲಿಂದ ಬಂದಿದ್ದು, ಎಲ್ಲಿಗೆ ಹೋಗುವುದು ಎಲ್ಲ ಹಿಂದಿನ ರಾತ್ರಿಯೇ ಬರೆದಿದ್ದರು. 'ಕೋಣೆಯಲ್ಲಿದ್ದವರ ಸಂಖ್ಯೆ' ಅನ್ನುವ ಕಾಲಂ ಮಾತ್ರ ಖಾಲಿ ಬಿಟ್ಟಿದ್ದರು. ಕೆಂಪು ಮಸಿಯ ಪೆನ್ನು ತೆಗೆದು ತುಂಬಿದರು: "ನಾನೊಬ್ಬ. ಉಳಿದವರ ಲೆಕ್ಕ ತಾಳೆಯಾಗಲಿಲ್ಲ." ಕೆಳಗೆ ಸಹಿ, ತಾರೀಖು.

2023ರಲ್ಲಿ ಪ್ಯಾರಿಸ್ಸಿನಲ್ಲಿ ತಿಗಣೆ ಗಲಾಟೆ ಎದ್ದಿತಲ್ಲ, ರೈಲಿನಲ್ಲಿ, ಸಿನಿಮಾ ಥಿಯೇಟರಿನಲ್ಲಿ ಎಲ್ಲೆಲ್ಲೂ ತಿಗಣೆ ಅಂತ, ಮುಂದಿನ ವರ್ಷದ ಒಲಿಂಪಿಕ್ಸ್ ಹೇಗೆ ಮಾಡುವುದು ಅಂತ ಅಲ್ಲಿನ ಸರ್ಕಾರವೇ ತಲೆಗೆ ಕೈ ಹೊತ್ತಿತಲ್ಲ, ಆಗ ನನಗೆ ದೊಡ್ಡಪ್ಪನದೇ ನೆನಪು. ಇದ್ದಿದ್ದರೆ ಹೋಲ್ಡಾಲ್ ಕಟ್ಟಿಸುತ್ತಿದ್ದರು.

ಹೇಳಬೇಕಾದ್ದು ಎಲ್ಲೋ ಉಳಿಯಿತು. ಹಾಂ, ಹಂಸ.

ಅರ್ಧ ಗಂಟೆಯ ನಂತರ ಬಾಗಿಲು ತಟ್ಟಿದ ಸದ್ದು. ರೂಮ್ ಬಾಯ್. ಅಸ್ಸಾಮಿನವನು, ಹದಿನೆಂಟೋ ಹತ್ತೊಂಬತ್ತೋ. ಹಂಸ ಮಾಡಿದವನು ತಾನೇ, ಮೊಬೈಲಿನಲ್ಲಿ ವಿಡಿಯೊ ನೋಡಿ ಕಲಿತದ್ದು ಅಂತ ಹಿಂದಿಯಲ್ಲಿ ಹೇಳಿದ. ಅರಿಶಿನ ತಾನು ನೋಡಿರಲಿಲ್ಲವಂತೆ. ಎರಡು ಬೇರೆ ಟವಲ್ ತಂದಿದ್ದ. ಒಗೆದು ಇಸ್ತ್ರಿ ಮಾಡಿದ್ದು, ಬಿಸಿ ಇನ್ನೂ ಆರಿರಲಿಲ್ಲ. ತೆಗೆದುಕೊಳ್ಳಲು ನಾನು ಕೈ ಚಾಚಿದೆ. ಅವನು ಕೊಡಲಿಲ್ಲ. "ಏಕ್ ಮಿನಿಟ್ ಸಾಬ್" ಅಂದು ಮಂಚದ ಹತ್ತಿರ ಹೋಗಿ, ನಮಗೆ ಬೆನ್ನು ಮಾಡಿ ನಿಂತು, ಏನೋ ಸುತ್ತಿದ, ಮಡಿಸಿದ, ಒಳಗೆ ತೂರಿಸಿದ. ಪಕ್ಕಕ್ಕೆ ಸರಿದಾಗ ಅಲ್ಲಿ ಆನೆ ಇತ್ತು. ನಾಲ್ಕು ಕಾಲು, ಅಗಲ ಕಿವಿ, ಮೇಲಕ್ಕೆತ್ತಿದ ಸೊಂಡಿಲು. ಗುಲಾಬಿಯ ಎರಡು ಎಸಳು ಕಿತ್ತು ಕಣ್ಣು ಇಟ್ಟ.

ಮತ್ತೆ ನಮ್ಮ ಮುಖ ನೋಡಿದ.

ಆನೆಯನ್ನು ಬಿಚ್ಚಲು ನಮ್ಮಿಬ್ಬರಿಗೂ ಮನಸ್ಸು ಬರಲಿಲ್ಲ. ಹೆಂಡತಿ ಅದನ್ನು ಎತ್ತಿ ಜೋಪಾನವಾಗಿ ಟೇಬಲ್ಲಿನ ಮೇಲಿಟ್ಟಳು. ಎರಡು ದಿನ ನಾನು ಪಂಚೆಯಲ್ಲಿ, ಅವಳು ತನ್ನ ಹಳೇ ಕಾಟನ್ ಸೀರೆಯ ತುಂಡಿನಲ್ಲಿ ಮೈ ಒರೆಸಿಕೊಂಡೆವು.

ಹೊರಡುವ ದಿನ ಬಿಲ್ ಕೊಟ್ಟ ಮೇಲೂ ಮ್ಯಾನೇಜರ್ "ಸ್ವಲ್ಪ ಕೂತ್ಕೊಳ್ಳಿ, ರೂಮ್ ಚೆಕ್ ಆಗ್ಲಿ" ಅಂದರು. ಇದೊಂದು ನನಗೆ ಯಾವತ್ತೂ ಆಗುವುದಿಲ್ಲ. ಅವರ ಟವಲ್ ಕದ್ದಿಲ್ಲ ಅಂತ ಸಾಬೀತಾಗುವ ತನಕ ನಾವು ಸೋಫಾದ ತುದಿಯಲ್ಲಿ ಬ್ಯಾಗು ಹಿಡಿದು ಕೂರಬೇಕು. ಮೇಲಿನಿಂದ ಫೋನ್ ಬಂತು. ಮ್ಯಾನೇಜರ್ ಕೇಳಿಸಿಕೊಂಡರು, ಫೋನ್ ಇಟ್ಟರು, ನಮ್ಮಿಬ್ಬರನ್ನೂ ಒಮ್ಮೆ ತಲೆಯಿಂದ ಕಾಲಿನವರೆಗೆ ನೋಡಿದರು.

"ಟವಲ್ ಮುಟ್ಲೇ ಇಲ್ವಂತೆ," ಅಂದರು. "ಎರಡು ದಿನ ಸ್ನಾನ ಮಾಡ್ಲಿಲ್ವಾ?"