ಜನರ ಪಾರುಪತ್ಯಗಾರನಿಗೆ ಮೇರೆ ಬೇಡವೇ? ಥಿಯೋಡರ್ ರೂಸ್‌ವೆಲ್ಟ್ ಆಡಳಿತ: ಪರ–ವಿರೋಧ

1901ರ ಸೆಪ್ಟೆಂಬರ್‌ನಲ್ಲಿ ಬಫಲೋ ನಗರದಲ್ಲಿ ಗುಂಡೇಟಿಗೆ ಗುರಿಯಾದ ಅಧ್ಯಕ್ಷ ವಿಲಿಯಂ ಮೆಕಿನ್ಲಿ ತೀರಿಕೊಂಡಾಗ, ಉಪಾಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟ್ 42ನೆಯ ವಯಸ್ಸಿನಲ್ಲಿ ಅಮೆರಿಕದ ಅಧ್ಯಕ್ಷರಾದರು. ಏಳೂವರೆ ವರ್ಷ ಆಳಿದ ಅವರು ತಮ್ಮನ್ನು ನಡೆಸಿದ ತತ್ವವನ್ನು 1913ರ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಅಧ್ಯಕ್ಷನೆಂದರೆ ಜನರ ಪಾರುಪತ್ಯಗಾರ. ಸಂವಿಧಾನವಾಗಲಿ ಕಾನೂನಾಗಲಿ ಕೂಡದೆಂದು ಹೇಳಿರದಿದ್ದರೆ, ನಾಡಿನ ಹಿತಕ್ಕೆ ಬೇಕಾದದ್ದನ್ನು ಮಾಡುವುದು ಅವನ ಹಕ್ಕು ಮಾತ್ರವಲ್ಲ, ಕರ್ತವ್ಯ ಕೂಡ. ಈ ತತ್ವ ಒಪ್ಪತಕ್ಕದ್ದೇ ಎಂಬುದು ಇಲ್ಲಿನ ಪ್ರಶ್ನೆ.

ಪರ

ರೂಸ್‌ವೆಲ್ಟ್ ಅಧಿಕಾರಕ್ಕೆ ಬಂದ ಕಾಲದಲ್ಲಿ ಅಮೆರಿಕದ ಕಾನೂನು ಮೌನವಾಗಿದ್ದ ಕಡೆಯಲ್ಲೆಲ್ಲ ರೈಲ್ವೆ ಮತ್ತು ಗಣಿಗಳ ಒಡೆಯರ ಮಾತೇ ಕಾನೂನಾಗಿತ್ತು ಎಂಬುದನ್ನು ಮರೆತರೆ ಅವರ ತತ್ವ ಅರ್ಥವಾಗುವುದಿಲ್ಲ. 1902ರ ಮೇ ತಿಂಗಳಿನಲ್ಲಿ ಪೆನ್ಸಿಲ್ವೇನಿಯದ ಕಲ್ಲಿದ್ದಲು ಗಣಿಗಳ 1,40,000ಕ್ಕೂ ಹೆಚ್ಚು ಕಾರ್ಮಿಕರು ಮುಷ್ಕರ ಹೂಡಿದರು. ಕೂಲಿ ಹೆಚ್ಚಬೇಕು, ದುಡಿಮೆ ದಿನಕ್ಕೆ ಎಂಟು ಗಂಟೆಗಿಳಿಯಬೇಕು, ತಾವು ತೋಡಿದ ಕಲ್ಲಿದ್ದಲಿನ ತೂಕದಲ್ಲಿ ಮೋಸ ನಿಲ್ಲಬೇಕು, ತಮ್ಮ ಸಂಘವನ್ನು ಮಾನ್ಯ ಮಾಡಬೇಕು ಎಂಬುವು ಅವರ ಬೇಡಿಕೆಗಳು. ಮಾಲೀಕರ ಮುಖಂಡ ಜಾರ್ಜ್ ಬೇರ್, ಕಾರ್ಮಿಕರ ಹಿತ ಕಾಯುವವರು ಚಳವಳಿಗಾರರಲ್ಲ, ದೇವರೇ ಆಸ್ತಿಯ ಒಡೆತನ ಒಪ್ಪಿಸಿರುವ ಕ್ರೈಸ್ತ ಗೃಹಸ್ಥರು ಎಂದು ಪತ್ರವೊಂದರಲ್ಲಿ ಬರೆದರು. ಚಳಿಗಾಲ ಹತ್ತಿರವಾಗುತ್ತಿತ್ತು, ಪೂರ್ವದ ನಗರಗಳ ಮನೆಗಳು ಬೆಚ್ಚಗಿರಲು ಇದೇ ಕಲ್ಲಿದ್ದಲನ್ನು ನಂಬಿಕೊಂಡಿದ್ದವು.

ಮಧ್ಯೆ ಬರುವ ಅಧಿಕಾರವನ್ನು ಅಧ್ಯಕ್ಷರಿಗೆ ಯಾವ ಕಾನೂನೂ ಕೊಟ್ಟಿರಲಿಲ್ಲ. ಆದರೂ ಅಕ್ಟೋಬರ್ 3ರಂದು ರೂಸ್‌ವೆಲ್ಟ್ ಎರಡೂ ಪಕ್ಷದವರನ್ನು ಒಂದೇ ಕೋಣೆಯಲ್ಲಿ ಎದುರುಬದುರು ಕೂರಿಸಿದರು. ಹಿಂದಿನ ತಿಂಗಳು ಸಾರೋಟು ಅಪಘಾತದಲ್ಲಿ ಕಾಲಿಗೆ ಪೆಟ್ಟಾಗಿದ್ದ ಅವರು ಅಂದು ಗಾಲಿಕುರ್ಚಿಯಲ್ಲಿದ್ದರು. ಅಧ್ಯಕ್ಷರು ನೇಮಿಸುವ ಆಯೋಗದ ತೀರ್ಪಿಗೆ ಬದ್ಧರಾಗುವುದಾಗಿ ಕಾರ್ಮಿಕ ನಾಯಕ ಜಾನ್ ಮಿಚೆಲ್ ಹೇಳಿದರೆ, ಮಾಲೀಕರು ಅವರೊಡನೆ ಮಾತಿಗೇ ಒಪ್ಪಲಿಲ್ಲ. ಸೈನ್ಯವನ್ನು ಕಳಿಸಿ ಗಣಿಗಳನ್ನು ಸರ್ಕಾರವೇ ನಡೆಸಲು ರೂಸ್‌ವೆಲ್ಟ್ ಸಿದ್ಧತೆ ಮಾಡಿಕೊಂಡ ಮೇಲೆ ಮಾಲೀಕರು ಮಣಿದರು, ಆಯೋಗ ರಚನೆಯಾಯಿತು, ಕೂಲಿ ಶೇ. 10ರಷ್ಟು ಏರಿತು, ದುಡಿಮೆಯ ಅವಧಿ ಇಳಿಯಿತು. ಸಂಘಕ್ಕೆ ಮಾನ್ಯತೆ ದೊರೆಯಲಿಲ್ಲ, ನಿಜ. ಆದರೆ ಮುಷ್ಕರವೆಂದರೆ ಮಾಲೀಕರ ಪರವಾಗಿ ಸೈನ್ಯ ಬರುವುದು ಎಂದೇ ತಿಳಿದಿದ್ದ ದೇಶದಲ್ಲಿ, ಅಧ್ಯಕ್ಷರು ಕಾರ್ಮಿಕರನ್ನು ಸಮಾನ ಕಕ್ಷಿಯಾಗಿ ಕಂಡದ್ದು ಸಣ್ಣ ಮಾತಲ್ಲ.

ಕಾಡಿನ ವಿಷಯದಲ್ಲಿ ಈ ತತ್ವ ಇನ್ನೂ ಹೆಚ್ಚು ಫಲ ಕೊಟ್ಟಿತು. 1907ರಲ್ಲಿ ವಾಯವ್ಯದ ಆರು ರಾಜ್ಯಗಳಲ್ಲಿ ಅಧ್ಯಕ್ಷರು ಹೊಸ ಮೀಸಲು ಅರಣ್ಯ ಘೋಷಿಸದಂತೆ ತಡೆಯುವ ಅಂಶವನ್ನು ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಕೃಷಿ ಇಲಾಖೆಯ ಅನುದಾನದ ಮಸೂದೆಗೆ ಸೇರಿಸಿ ಕಳಿಸಿತು. ಸಹಿಗೆ ಉಳಿದಿದ್ದ ಕೆಲವೇ ದಿನಗಳಲ್ಲಿ ಅರಣ್ಯ ಇಲಾಖೆಯ ಗಿಫರ್ಡ್ ಪಿಂಚಾಟ್ ಮತ್ತು ಅವರ ಗುಮಾಸ್ತರು ರಾತ್ರಿ ಹಗಲೆನ್ನದೆ ನಕ್ಷೆ ಬಿಡಿಸಿದರು. ರೂಸ್‌ವೆಲ್ಟ್ ಮೊದಲು ಸುಮಾರು 1.6 ಕೋಟಿ ಎಕರೆ ಕಾಡನ್ನು ಮೀಸಲೆಂದು ಘೋಷಿಸಿದರು, ಅನಂತರವೇ ಮಸೂದೆಗೆ ಸಹಿ ಹಾಕಿದರು. ಮರುವರ್ಷ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯ 8,00,000 ಎಕರೆಗೂ ಮಿಕ್ಕ ನೆಲವನ್ನು ರಾಷ್ಟ್ರೀಯ ಸ್ಮಾರಕವಾಗಿಸಿದರು. ಅಲ್ಲಿ ಗಣಿ ಹಕ್ಕಿನ ಹೆಸರಿನಲ್ಲಿ ಜಾಗ ಹಿಡಿದು, ಕಣಿವೆಗಿಳಿಯುವ ಹಾದಿಯಲ್ಲಿ ಪ್ರವಾಸಿಗರಿಂದ ಸುಂಕ ವಸೂಲು ಮಾಡುತ್ತಿದ್ದ ರಾಲ್ಫ್ ಕ್ಯಾಮರಾನ್ ನ್ಯಾಯಾಲಯದಲ್ಲಿ ಹೋರಾಡಿದರು. 1920ರಲ್ಲಿ ಸುಪ್ರೀಂ ಕೋರ್ಟ್ ರೂಸ್‌ವೆಲ್ಟ್ ಕ್ರಮವನ್ನೇ ಎತ್ತಿಹಿಡಿಯಿತು. ಒಮ್ಮೆ ಕಡಿದುಹೋದ ಕಾಡನ್ನು ಮುಂದಿನ ಅಧಿವೇಶನದಲ್ಲಿ ಮಸೂದೆ ತಂದು ಮರಳಿ ಬೆಳೆಸಲಾಗುವುದಿಲ್ಲ. ಕಾಯಲು ಸಮಯವಿಲ್ಲದ ಕಡೆ ಕಾಯದೆ ನಡೆದದ್ದೇ ರೂಸ್‌ವೆಲ್ಟರ ಹಿರಿಮೆ.

ವಿರೋಧ

ರೂಸ್‌ವೆಲ್ಟರ ಸುಧಾರಣೆಗಳಲ್ಲಿ ಸಾಮಾನ್ಯ ಜನರ ಅಡುಗೆಮನೆಯವರೆಗೆ ತಲುಪಿದವು ಯಾವುವು ಎಂದು ಮೊದಲು ನೋಡಬೇಕು. ಕಲಬೆರಕೆ ಆಹಾರ ಮತ್ತು ಔಷಧಿಗಳನ್ನು ತಡೆದ ಕಾಯ್ದೆ, ಕಸಾಯಿಖಾನೆಗಳ ಮಾಂಸವನ್ನು ಸರ್ಕಾರ ತಪಾಸಣೆ ಮಾಡಬೇಕೆಂದ ಕಾಯ್ದೆ, ರೈಲ್ವೆ ದರಗಳಿಗೆ ಕಡಿವಾಣ ಹಾಕಿದ ಹೆಪ್‌ಬರ್ನ್ ಕಾಯ್ದೆ, ಈ ಮೂರೂ 1906ರ ಜೂನ್ ಕೊನೆಯಲ್ಲಿ ಬಂದವು. ಇವುಗಳಿಗಾಗಿ ಅವರು ಕಾಂಗ್ರೆಸ್ಸಿನಲ್ಲಿ ವಾದಿಸಿದರು, ಚೌಕಾಸಿ ಮಾಡಿದರು, ಬೇಕಾದಷ್ಟು ಬಿಟ್ಟುಕೊಟ್ಟರು. ಪಾರುಪತ್ಯಗಾರಿಕೆಯ ತತ್ವ ಇಲ್ಲಿ ಬೇಕಾಗಿರಲಿಲ್ಲ. ಕಲ್ಲಿದ್ದಲು ಮುಷ್ಕರ ಸಹ ಸೈನ್ಯದಿಂದ ಮುಗಿಯಲಿಲ್ಲ. ಯುದ್ಧ ಕಾರ್ಯದರ್ಶಿ ಎಲಿಹು ರೂಟ್ ಅವರು ಬ್ಯಾಂಕರ್ ಜೆ.ಪಿ. ಮಾರ್ಗನ್ ಅವರೊಡನೆ ನ್ಯೂಯಾರ್ಕಿನಲ್ಲಿ ಮಾರ್ಗನ್‌ರ ವಿಹಾರನೌಕೆಯಲ್ಲಿ ಕೂತು ಮಾತಾಡಿದ ಮೇಲೆ ಆಯೋಗಕ್ಕೆ ದಾರಿಯಾಯಿತು.

ಜನರ ಒಳಿತು ತನಗೆ ಗೊತ್ತು ಎಂಬ ನಂಬಿಕೆ ಗಡಿ ದಾಟಿದಾಗ ಏನಾಗುತ್ತದೆ ಎಂಬುದಕ್ಕೆ ಪನಾಮಾ ಸಾಕ್ಷಿ. ಆಗ ಕೊಲಂಬಿಯದ ಭಾಗವಾಗಿದ್ದ ಪನಾಮಾದಲ್ಲಿ ಅಮೆರಿಕ ತೋಡಬಯಸಿದ್ದ ಕಾಲುವೆಯ ಒಪ್ಪಂದವನ್ನು ಕೊಲಂಬಿಯದ ಸೆನೆಟ್ ತಿರಸ್ಕರಿಸಿದ ಕೆಲವೇ ತಿಂಗಳಲ್ಲಿ, 1903ರ ನವೆಂಬರ್ 3ರಂದು, ಅಮೆರಿಕದ ಯುದ್ಧನೌಕೆಗಳ ನೆರಳಿನಲ್ಲಿ ಪನಾಮಾ ಬೇರೆಯಾಯಿತು. ಮೂರೇ ದಿನದಲ್ಲಿ ವಾಷಿಂಗ್ಟನ್ ಅದಕ್ಕೆ ಮನ್ನಣೆ ನೀಡಿತು. 1921ರಲ್ಲಿ ಅಮೆರಿಕ ಕೊಲಂಬಿಯಕ್ಕೆ 2.5 ಕೋಟಿ ಡಾಲರ್ ತೆರಲು ಒಪ್ಪಬೇಕಾಯಿತು. ಭಾರತೀಯರಾದ ನಾವು ಇನ್ನೊಂದನ್ನೂ ನೆನೆಯಬೇಕು. 1909ರ ಜನವರಿಯಲ್ಲಿ, ಅಧಿಕಾರ ಬಿಡುವ ಮುನ್ನ, ಇದೇ ರೂಸ್‌ವೆಲ್ಟ್ ಭಾರತದಲ್ಲಿನ ಬ್ರಿಟಿಷ್ ಆಳ್ವಿಕೆಯನ್ನು ಸಾರ್ವಜನಿಕ ಭಾಷಣದಲ್ಲಿ ಕೊಂಡಾಡಿದರು.

ಆದರೆ ನನ್ನ ಮಟ್ಟಿಗೆ ಈ ತತ್ವವನ್ನು ನಿಜವಾಗಿ ತೂಗಿನೋಡಬೇಕಾದದ್ದು ಟೆಕ್ಸಸ್‌ನ ಬ್ರೌನ್ಸ್‌ವಿಲ್‌ನಲ್ಲಿ. 1906ರ ಆಗಸ್ಟ್ 13ರ ನಡುರಾತ್ರಿ ಆ ಊರಿನಲ್ಲಿ ಗುಂಡು ಹಾರಿ ಮದ್ಯದಂಗಡಿಯ ಒಬ್ಬ ನೌಕರ ಸತ್ತ, ಪೊಲೀಸ್ ಅಧಿಕಾರಿಯೊಬ್ಬರು ಗಾಯಗೊಂಡರು. ಊರಿನ ಬಿಳಿಯರು ಪಕ್ಕದ ಕೋಟೆಯಲ್ಲಿದ್ದ 25ನೆಯ ಪದಾತಿದಳದ ಕಪ್ಪು ಸೈನಿಕರತ್ತ ಬೆರಳು ತೋರಿದರು. ಸೈನಿಕರು ತಮ್ಮ ಬ್ಯಾರಕ್‌ಗಳಲ್ಲೇ ಇದ್ದರೆಂದು ಅವರ ಬಿಳಿಯ ಅಧಿಕಾರಿಗಳೇ ಹೇಳಿದ್ದರು. ಮೊಕದ್ದಮೆ ಹೂಡಬೇಕೇ ಎಂದು ತೀರ್ಮಾನಿಸುವ ಸ್ಥಳೀಯ ನಾಗರಿಕರ ಮಂಡಳಿ, ಗ್ರ್ಯಾಂಡ್ ಜೂರಿ, ಯಾರ ಮೇಲೂ ಆರೋಪ ಹೊರಿಸಲಿಲ್ಲ. ತಪ್ಪಿತಸ್ಥರ ಹೆಸರನ್ನು ಸೈನಿಕರು ಹೇಳಲಿಲ್ಲ, ಎಲ್ಲರೂ ಸೇರಿ ಮುಚ್ಚಿಡುತ್ತಿದ್ದಾರೆ ಎಂಬ ಕಾರಣ ಕೊಟ್ಟು ರೂಸ್‌ವೆಲ್ಟ್ 167 ಮಂದಿಯನ್ನು ಒಂದೇ ಆದೇಶದಲ್ಲಿ ಗೌರವರಹಿತವಾಗಿ ವಜಾ ಮಾಡಿದರು. ವಿಚಾರಣೆ ನಡೆಯಲಿಲ್ಲ, ಅವರ ಪರ ವಾದಿಸಲು ಯಾರಿಗೂ ಅವಕಾಶ ಸಿಗಲಿಲ್ಲ. ಆದೇಶ ಹೊರಬಿದ್ದದ್ದು ನವೆಂಬರ್‌ನ ಕಾಂಗ್ರೆಸ್ ಚುನಾವಣೆ ಮುಗಿದ ಮೇಲೆ.

ವಜಾ ಆದವರಲ್ಲಿ ಮಿಂಗೊ ಸ್ಯಾಂಡರ್ಸ್ ಎಂಬ ಸಾರ್ಜೆಂಟ್ ಒಬ್ಬರು. ಇಪ್ಪತ್ತೈದು ವರ್ಷಕ್ಕೂ ಮೀರಿ ಸೈನ್ಯದಲ್ಲಿದ್ದ ಅವರು ಇನ್ನೇನು ಪಿಂಚಣಿ ಪಡೆಯುವವರಿದ್ದರು. 1898ರಲ್ಲಿ ಕ್ಯೂಬಾದ ಯುದ್ಧಭೂಮಿಯಲ್ಲಿ ರೂಸ್‌ವೆಲ್ಟರ ಪಡೆಯವರು ಹಸಿದಿದ್ದಾಗ ತಮ್ಮ ತುಕಡಿ ತನ್ನ ಒಣ ಬಿಸ್ಕತ್ತನ್ನು ಅವರೊಡನೆ ಹಂಚಿಕೊಂಡಿತ್ತೆಂದು ಅವರು ನೆನಪಿಸಿದರು. ಪಿಂಚಣಿ ಹೋಯಿತು. ಸೆನೆಟರ್ ಜೋಸೆಫ್ ಫೋರೇಕರ್ ಅವರೊಬ್ಬರು ಈ ಸೈನಿಕರಿಗಾಗಿ ವರ್ಷಗಟ್ಟಲೆ ಸೆಣಸಿದರೂ ಹೆಚ್ಚೇನೂ ಸಾಧ್ಯವಾಗಲಿಲ್ಲ. ತಮ್ಮ ತತ್ವವನ್ನು ಅಷ್ಟು ವಿವರವಾಗಿ ಬರೆದ ಆತ್ಮಕಥೆಯಲ್ಲಿ ರೂಸ್‌ವೆಲ್ಟ್ ಬ್ರೌನ್ಸ್‌ವಿಲ್‌ನ ಹೆಸರನ್ನೇ ಎತ್ತಲಿಲ್ಲ. ಗಣಿ ಮಾಲೀಕರನ್ನು ಮಣಿಸಿದ ಕೈ ಮತ್ತು ಈ ಆದೇಶಕ್ಕೆ ಸಹಿ ಹಾಕಿದ ಕೈ ಒಂದೇ. ಮೊದಲನೆಯದನ್ನು ಮೆಚ್ಚಿ ಎರಡನೆಯದನ್ನು ಅಪವಾದವೆನ್ನಲು ಬರುವುದಿಲ್ಲ, ಏಕೆಂದರೆ ಎರಡು ಕಡೆಯೂ ಅವರನ್ನು ತಡೆದು ಕೇಳುವವರು ಇರಲಿಲ್ಲ.

ಅಮೆರಿಕದ ಸೈನ್ಯ ಆ ಆದೇಶವನ್ನು ರದ್ದುಮಾಡಿ ಗೌರವವನ್ನು ಮರಳಿಸಿದ್ದು 1972ರಲ್ಲಿ. ಅಷ್ಟರಲ್ಲಿ ಬಹುತೇಕ ಎಲ್ಲರೂ ತೀರಿಕೊಂಡಿದ್ದರು. ಬದುಕಿ ಉಳಿದಿದ್ದ ಡಾರ್ಸಿ ವಿಲಿಸ್ ಅವರು ಮಿನಿಯಾಪೊಲಿಸ್‌ನಲ್ಲಿ ಐವತ್ತಕ್ಕೂ ಹೆಚ್ಚು ವರ್ಷ ಜನರ ಬೂಟು ಪಾಲಿಶ್ ಮಾಡಿ ಜೀವನ ಸಾಗಿಸಿದ್ದರು; ಅವರಿಗೆ 25,000 ಡಾಲರ್ ಪರಿಹಾರ ದೊರೆಯಿತು.