ಕೆರೆ ಪಕ್ಕ ಕಡಿಮೆ ಬೆಲೆಗೆ ಮನೆ ಸಿಕ್ಕರೆ, ಯಾಕೆ ಕಡಿಮೆ ಅಂತ ಮೊದಲು ಕೇಳಿ

ನಾವು ಬೆಂಗಳೂರಿನ ಜಕ್ಕೂರು ಕೆರೆಯ ಸುತ್ತಮುತ್ತ ಮನೆ ನೋಡುತ್ತಿದ್ದೇವೆ ಅಂದರೆ ಎಲ್ಲರೂ ಕೇಳುವುದು ಒಂದೇ: ‘ಆ ಏರಿಯಾದಲ್ಲಿ ನಮ್ಮಂಥವರಿಗೆ ಸಿಗುತ್ತಾ?’ ಸಿಗುತ್ತದೆ. ಆದರೆ ಅಲ್ಲಿ ಕಡಿಮೆ ಬೆಲೆಯ ಮನೆಗಳು ಎರಡು ಥರ ಇವೆ. ಕಟ್ಟಡ ಹಳೆಯದಾಗಿ ಬೆಲೆ ಇಳಿದಿರುವುದು ಒಂದು. ಕಾಗದಪತ್ರದಲ್ಲೋ ಜಾಗದಲ್ಲೋ ತೊಂದರೆ ಇದ್ದು ಇಳಿದಿರುವುದು ಇನ್ನೊಂದು. ನೋಡುವುದಕ್ಕೆ ಎರಡೂ ಒಂದೇ ಥರ ಕಾಣುತ್ತವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸರ್ಕಾರದ ಲೆಕ್ಕದಲ್ಲಿ ಕೈಗೆಟುಕುವ ಮನೆ ಅಂದರೆ ಏನು ಗೊತ್ತಾ? ಜಿಎಸ್‌ಟಿ ನಿಯಮದ ಪ್ರಕಾರ ಬೆಂಗಳೂರಿನಲ್ಲಿ ಬೆಲೆ 45 ಲಕ್ಷದೊಳಗಿರಬೇಕು, ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ಬಳಸಲು ಸಿಗುವ ಜಾಗ, 60 ಚದರ ಮೀಟರ್ ಮೀರಬಾರದು. ಅಂದರೆ ಸುಮಾರು 645 ಚದರಡಿ. ಅತ್ತೆ, ನಾವಿಬ್ಬರು, ಓದುವ ಮಗಳು ಇರುವ ಮನೆಗೆ ಅಷ್ಟು ಜಾಗ ಸಾಲುವುದಿಲ್ಲ. ಆ ಬೆಲೆಗೆ ಕೆರೆ ಹತ್ತಿರ ಹೊಸ ಫ್ಲಾಟ್ ನನಗೆ ಒಂದೂ ಕಾಣಲಿಲ್ಲ. ಈ ಮಿತಿ ಹಾಕಿದ್ದು 2019ರಲ್ಲಿ. ಬೆಂಗಳೂರಿಗೆ ಅದನ್ನು ಬದಲಾಯಿಸಲೇಬೇಕು.

80 ಲಕ್ಷದ ಮನೆ ಅಂತ ಇಟ್ಟುಕೊಳ್ಳೋಣ. ಬ್ಯಾಂಕ್ ಹೆಚ್ಚೆಂದರೆ 80 ಪರ್ಸೆಂಟ್, ಅಂದರೆ 64 ಲಕ್ಷ ಕೊಡುತ್ತದೆ. 16 ಲಕ್ಷ ನಮ್ಮದು. ಅದರ ಮೇಲೆ ಮುದ್ರಾಂಕ ಶುಲ್ಕ 5 ಪರ್ಸೆಂಟ್, ಸೆಸ್, ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 1ರಿಂದ 2 ಪರ್ಸೆಂಟ್‌ಗೆ ಏರಿದೆ. ಎಲ್ಲ ಸೇರಿ ಸುಮಾರು 6 ಲಕ್ಷ. ಇದಕ್ಕೆ ಸಾಲ ಸಿಗುವುದಿಲ್ಲ. ಹಾಗಾಗಿ ಕೈಯಲ್ಲಿ 22 ಲಕ್ಷ ಬೇಕು. 8 ಪರ್ಸೆಂಟ್ ಬಡ್ಡಿ, 20 ವರ್ಷ ಅಂದರೆ ಕಂತು ತಿಂಗಳಿಗೆ ಸುಮಾರು 53,500 ರೂಪಾಯಿ. ಒಂದೇ ಸಂಬಳದಲ್ಲಿ ನಡೆಯುವ ಎಷ್ಟೋ ಮನೆಗಳು ಇಲ್ಲೇ ಹಿಂದೆ ಸರಿಯುತ್ತವೆ. ಇದು ನನಗೆ ತುಂಬಾ ನೋವಿನ ವಿಷಯ. ಯಾಕೆಂದರೆ ಆ ಕೆರೆ ಎಲ್ಲರ ದುಡ್ಡಿನಿಂದ ಉಳಿದ ಕೆರೆ. ಜಲಮಂಡಳಿಯ ಘಟಕದಲ್ಲಿ ಶುದ್ಧವಾದ ನೀರು ಜೊಂಡು ಬೆಳೆದ ಜೌಗು ದಾಟಿ ಕೆರೆಗೆ ಬರುತ್ತದೆ. ಆ ನೀರನ್ನು ನಂಬಿ ಮೀನು ಹಿಡಿಯುವವರಿದ್ದಾರೆ, ಹಕ್ಕಿಗಳಿವೆ. ಇಷ್ಟೆಲ್ಲ ಆದಮೇಲೆ ಬಿಲ್ಡರ್‌ಗಳು ‘ಲೇಕ್ ವ್ಯೂ’ ಅಂತ ಬಾಲ್ಕನಿಗೆ ಚದರಡಿ ಲೆಕ್ಕದಲ್ಲಿ ಜಾಸ್ತಿ ದುಡ್ಡು ಕೇಳುತ್ತಾರೆ.

ನಮಗೆ ಆ ನೋಟ ಬೇಡ. ನಡೆದು ಹೋಗುವಷ್ಟು ಹತ್ತಿರ ಇದ್ದರೆ ಸಾಕು. ಹಾಗೆ ತೀರ್ಮಾನ ಮಾಡಿದ ಮೇಲೆ ದಾರಿ ಕಾಣಿಸಿತು. ಅಮೃತಹಳ್ಳಿ ಕಡೆಯ ಒಳರಸ್ತೆಗಳಲ್ಲಿ ಮೂರು ಮಹಡಿಯ ಹಳೆಯ ಅಪಾರ್ಟ್‌ಮೆಂಟ್‌ಗಳಿವೆ. ಈಜುಕೊಳ ಇಲ್ಲ, ಕ್ಲಬ್‌ಹೌಸ್ ಇಲ್ಲ, ಕೆಲವು ಕಡೆ ಲಿಫ್ಟೂ ಇಲ್ಲ. ಆದರೆ ಕೋಣೆಗಳು ದೊಡ್ಡವು, ಮೇಂಟೆನೆನ್ಸ್ ಕಡಿಮೆ. ಮನೆಗಳ ಸಂಖ್ಯೆ ಕಡಿಮೆ ಇರುವುದರಿಂದ ಜಾಗದಲ್ಲಿ ನಮ್ಮ ಪಾಲು, ಅಂದರೆ ಯುಡಿಎಸ್, ಜಾಸ್ತಿ ಬರುತ್ತದೆ. ಓಸಿ, ಅಂದರೆ ಕಟ್ಟಡ ವಾಸಕ್ಕೆ ಸರಿಯಾಗಿದೆ ಅಂತ ಪಾಲಿಕೆ ಕೊಡುವ ಪತ್ರ, ಇರುವ ಮನೆಗೆ ಜಿಎಸ್‌ಟಿಯೂ ಇಲ್ಲ. ನೀರಿನ ಪೈಪು, ವೈರಿಂಗ್ ಬದಲಾಯಿಸುವ ಖರ್ಚು ಬರುತ್ತದೆ, ಅದನ್ನು ಮೊದಲೇ ಎತ್ತಿಡಬೇಕು. ಬೇಸಿಗೆಯ ಟ್ಯಾಂಕರ್ ಬಿಲ್ ತೋರಿಸಿ ಅಂತ ಕೇಳಿ. ಕೆರೆ ಹತ್ತಿರ ಇದ್ದ ಮಾತ್ರಕ್ಕೆ ಬೋರ್‌ವೆಲ್‌ನಲ್ಲಿ ನೀರಿದೆ ಅಂದುಕೊಳ್ಳಬೇಡಿ.

ಈಗ ಇನ್ನೊಂದು ಥರದ್ದು. ಹೊಸ ಮನೆ, ಮಾರ್ಬಲ್ ನೆಲ, ಪಕ್ಕದ ಬೀದಿಗಿಂತ ಹತ್ತಿಪ್ಪತ್ತು ಲಕ್ಷ ಕಡಿಮೆ. ಓಸಿ ಎಲ್ಲಿ ಅಂತ ಕೇಳಿದರೆ ಬ್ರೋಕರ್ ಹೇಳಿದ್ದು, ‘ಮೇಡಂ, ಇಲ್ಲಿ ಯಾರ ಹತ್ರಾನೂ ಇಲ್ಲ, ಏನೂ ಆಗಲ್ಲ.’ ಆಗುತ್ತದೆ. 2015ರ ಏಪ್ರಿಲ್‌ನಲ್ಲಿ ಸಾರಕ್ಕಿ ಕೆರೆಯ ಒತ್ತುವರಿ ತೆರವು ಮಾಡಿದಾಗ ನೋಂದಣಿ ಪತ್ರ ಇದ್ದವರ ಮನೆಗಳೂ ಬಿದ್ದವು. ಬರೀ ರಿಜಿಸ್ಟರ್ ಆಗಿದೆ ಅನ್ನುವುದು ಜಾಗ ಸರಿಯಾಗಿದೆ ಅನ್ನುವುದಕ್ಕೆ ಸಾಕ್ಷಿ ಅಲ್ಲ. 2022ರ ಸೆಪ್ಟೆಂಬರ್ ಮಳೆಯಲ್ಲಿ ಯಮಲೂರಿನ ಕಡೆ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನರನ್ನು ಟ್ರ್ಯಾಕ್ಟರ್, ದೋಣಿಗಳಲ್ಲಿ ಹೊರಗೆ ತಂದರು. ದುಡ್ಡು ಜಾಸ್ತಿ ಕೊಟ್ಟವರೂ ಪಾರಾಗಲಿಲ್ಲ ಅಲ್ವಾ?

ಕೆರೆಯಿಂದ ಎಷ್ಟು ದೂರ ಬಿಡಬೇಕು ಅನ್ನುವುದರ ಮೇಲೆ ವರ್ಷಗಟ್ಟಲೆ ಜಗಳ ನಡೆದಿದೆ. ಹಸಿರು ನ್ಯಾಯಮಂಡಳಿ 2016ರಲ್ಲಿ 75 ಮೀಟರ್ ಅಂದಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ ಮಾಸ್ಟರ್ ಪ್ಲಾನ್‌ನ 30 ಮೀಟರ್ ಉಳಿಸಿತು. ನನ್ನ ಮಟ್ಟಿಗೆ ಕೆರೆಗಿಂತ ರಾಜಕಾಲುವೆಯ, ಅಂದರೆ ಮಳೆನೀರು ಹರಿಯುವ ದೊಡ್ಡ ಕಾಲುವೆಯ, ಭಯವೇ ಹೆಚ್ಚು. ಕೆರೆ ಕಣ್ಣಿಗೆ ಕಾಣುತ್ತದೆ. ಕಾಲುವೆ ಮುಚ್ಚಿಹೋಗಿ ಮೇಲೆ ರಸ್ತೆ, ಕಾಂಪೌಂಡ್ ಬಂದಿರುತ್ತದೆ. ಸರ್ಕಾರದ ‘ದಿಶಾಂಕ್’ ಆ್ಯಪ್ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಆ ನಂಬರ್ ಹಿಡಿದು ಗ್ರಾಮ ನಕ್ಷೆ ನೋಡಿ. ಆಮೇಲೆ ಜೋರು ಮಳೆ ಬಂದ ದಿನ ಆ ಬೀದಿಗೆ ಹೋಗಿ, ಮೂಲೆಯ ಅಂಗಡಿಯವರನ್ನು ನೀರು ಎಲ್ಲಿವರೆಗೆ ಬರುತ್ತೆ ಅಂತ ಕೇಳಿ. ಇ-ಖಾತಾ, ಮದರ್ ಡೀಡ್ (ಆಸ್ತಿಯ ಮೂಲ ಪತ್ರ), 30 ವರ್ಷದ ಇಸಿ (ಆಸ್ತಿಯ ಮಾರಾಟ, ಸಾಲಗಳ ದಾಖಲೆ), ಮಂಜೂರಾದ ಪ್ಲಾನ್, ಓಸಿ ಎಲ್ಲವನ್ನೂ ನಿಮ್ಮದೇ ವಕೀಲರಿಗೆ ತೋರಿಸಿ. ಮಾರುವವರು ಹೇಳಿದ ವಕೀಲರು ಬೇಡ. ಇಷ್ಟಾಗುವವರೆಗೆ ಟೋಕನ್ ಅಡ್ವಾನ್ಸ್ ಅಂತ ಒಂದು ರೂಪಾಯಿಯನ್ನೂ ಕೊಡಬೇಡಿ.

ನಮ್ಮ ಹುಡುಕಾಟ ಇನ್ನೂ ಮುಗಿದಿಲ್ಲ. ಅಮೃತಹಳ್ಳಿ, ಜಕ್ಕೂರು, ಸಂಪಿಗೇಹಳ್ಳಿ ಕಡೆ ಓಸಿ ಇರುವ ಹಳೆಯ ಕಟ್ಟಡದಲ್ಲಿ ಎರಡು ಅಥವಾ ಮೂರು ಬೆಡ್‌ರೂಮಿನ ಮನೆ ಮಾರಾಟಕ್ಕಿದ್ದರೆ ದಯವಿಟ್ಟು ಮೆಸೇಜ್ ಮಾಡಿ. ಅತ್ತೆಗೆ ಮಂಡಿ ನೋವು, ಹಾಗಾಗಿ ಲಿಫ್ಟ್ ಇಲ್ಲದಿದ್ದರೆ ನೆಲಮಹಡಿಯೇ ಆಗಬೇಕು.